ಬೆರ್ಜ಼ಾ ಮತ್ತು ಭೂರ್ಜ

ರಷ್ಯನ್ನರ ‘ಬೆರ್ಯೋಜ಼ಾ’ ನಮ್ಮ ‘ಭೂರ್ಜ’ದಿಂದಲೇ ಹುಟ್ಟಿತೆಂಬ ಸಂದೇಶಗಳು ಆಗಾಗ್ಗೆ ಬರುತ್ತಿರುತ್ತವೆ. ಕಳುಹಿಸುವವರು ಬಂಧುಗಳೇ ಆದ್ದರಿಂದ ಸುಮ್ಮನಿರಲೂ ಆಗದು. ಸಂಬಂಧವಿರುವುದು ನಿಜ, ಆದರೆ ಅದು ತಾಯಿ-ಮಗಳ ಸಂಬಂಧವಲ್ಲ, ದಾಯಾದಿ ಸಂಬಂಧ.

ಬಿಳಿ ತೊಗಟೆಯ ಬರ್ಚ್ ಮರಕ್ಕೆ, ಸ್ಲಾವ್ ಜನರೆಲ್ಲ ಒಂದೇ ನುಡಿಯಾಡುತ್ತಿದ್ದ ಕಾಲದಲ್ಲಿದ್ದ ಹೆಸರು *ಬೆರ್ಜ಼ಾ. ಆ ನುಡಿಯ ಬರಹವೊಂದೂ ಉಳಿದಿಲ್ಲ. ಅದರಿಂದ ಕವಲೊಡೆದ ಭಾಷೆಗಳನ್ನು ಹೋಲಿಸಿ ಪಂಡಿತರು ಪುನಾರಚಿಸಿದ ರೂಪವಿದು. ಮೊದಲಿಗಿರುವ ನಕ್ಷತ್ರಚಿಹ್ನೆ ಅದನ್ನೇ ಸೂಚಿಸುತ್ತದೆ. ಸರ್ಬಿಯನ್ನರು ರೇಫವನ್ನು ಸ್ವರದ ಹಿಂದಕ್ಕೆ ಸರಿಸಿ ‘ಬ್ರೆಜ಼ಾ’ ಎಂದರು. ರಷ್ಯನ್ನರು ರೇಫದ ಎರಡೂ ಬದಿಗೆ ಸ್ವರವಿರಿಸಿದರು. ಕನ್ನಡದ ‘ಮರ’ ಹಳೆಯ ತೆಲುಗಿನಲ್ಲಿ ‘ಮ್ರಾನು’ ಆಗಿರುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ವಿಭಕ್ತಿಗಳನ್ನು ಬಾಯಿಪಾಠ ಮಾಡಿದವರು ಗಮನಿಸಿ: *ಬೆರ್ಜ಼ಾ ನಮ್ಮ ‘ಲತಾ’ ಶಬ್ದದಂತೆ ಆಕಾರಾಂತ ಸ್ತ್ರೀಲಿಂಗ. ದ್ವಿತೀಯೆಯಲ್ಲಿ ‘ಲತಾಂ’ ಎಂಬಂತೆ ಇಲ್ಲಿಯೂ ಕೊನೆಯ ಸ್ವರ ಅನುನಾಸಿಕ. ಆದರೆ ಸಂಸ್ಕೃತದ ಭೂರ್ಜವೂ ಲಿಥುವೇನಿಯದ ‘ಬೆರ್ಝಸ್’ ಕೂಡ ಪುಲ್ಲಿಂಗ. ಇದಕ್ಕಿಂತ ಬಲವಾದ ಸಾಕ್ಷಿ ಮೊದಲ ಸ್ವರದ್ದು. ಸ್ಲಾವಿಕ್‌ನಲ್ಲಿ ಮೂಲದ ಎಕಾರ ಉಳಿದಿದೆ. ಸಂಸ್ಕೃತದ ಊಕಾರವೋ ಸ್ವರರೂಪದ ರೇಫದಿಂದ ಬಂದದ್ದು. ‘ಭೂ’ವಿನಿಂದ ‘ಬೆ’ ಹುಟ್ಟುವ ದಾರಿಯಿಲ್ಲ. ಎರಡೂ ಅವಕ್ಕಿಂತ ಹಳೆಯ ಇಂಡೋ-ಯೂರೋಪಿಯನ್ ಶಬ್ದವೊಂದರ ಸಂತಾನ. ಧಾತುವಿನ ಅರ್ಥ ‘ಬೆಳ್ಳಗೆ ಹೊಳೆ’ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ನಮ್ಮ ‘ಭ್ರಾಜ್’ ಧಾತು ಅದರ ನಂಟೇ. ಇಟಲಿಗೆ ಹೋದವರು ಅದೇ ಹೆಸರನ್ನು ಬೇರೊಂದು ಮರಕ್ಕೆ ಕೊಟ್ಟುಬಿಟ್ಟರು: ಲ್ಯಾಟಿನ್ನಿನ ‘ಫ್ರಾಕ್ಸಿನುಸ್’ ಎಂದರೆ ಆಶ್ ಮರ.

ತೊಗಟೆಯನ್ನು ಬರೆಯಲು ಬಳಸಿದ್ದು ಮಾತ್ರ ಎರಡೂ ಕಡೆ ಕಾಣುವ ಸಂಗತಿ. ದಕ್ಷಿಣದ ನಮಗೆ ತಾಳೆಗರಿಯಿತ್ತು. ಹಿಮಾಲಯದ ಕಡೆಯವರಿಗೆ ಭೂರ್ಜಪತ್ರ. ಕಾಳಿದಾಸನ ಊರ್ವಶಿ ತನ್ನ ಪ್ರೇಮಪತ್ರವನ್ನು ಬರೆದದ್ದು ಅದರ ಮೇಲೆಯೇ. 1881ರಲ್ಲಿ ಪೇಶಾವರದ ಬಳಿ ದೊರೆತ ಬಖ್ಶಾಲಿ ಗಣಿತಗ್ರಂಥವೂ ಭೂರ್ಜಪತ್ರದ್ದೇ. ರಷ್ಯಾದ ನೋವ್ಗೊರೊದ್‌ನಲ್ಲಿ 1951ರ ಜುಲೈ 26ರಂದು ಮೊದಲ ತೊಗಟೆಯೋಲೆ ಸಿಕ್ಕಿತು. ಈವರೆಗೆ ಸಾವಿರಕ್ಕೂ ಹೆಚ್ಚು ದೊರೆತಿವೆ. ಸಾಲ, ವ್ಯಾಪಾರ, ಮನೆವಾರ್ತೆ, ಎಲ್ಲವೂ ಅವುಗಳಲ್ಲಿವೆ.

ನನಗೆ ಪ್ರಿಯವಾದವು 13ನೆಯ ಶತಮಾನದ ಓನ್‌ಫಿಮ್ ಎಂಬ ಹುಡುಗನವು. ಆರೇಳು ವರ್ಷದವನಿರಬೇಕು. ವರ್ಣಮಾಲೆ ತಿದ್ದುತ್ತಿದ್ದವನು ನಡುವೆಯೇ ಬಿಟ್ಟು, ಬಿದ್ದ ಶತ್ರುವಿಗೆ ಈಟಿ ಚುಚ್ಚುವ ಕುದುರೆ ಸವಾರನನ್ನು ಗೀಚಿದ್ದಾನೆ (ನಿಮ್ಮಲ್ಲಿ ಕೆಲವರ ನೋಟುಪುಸ್ತಕಗಳು ನೆನಪಾಗುತ್ತವೆ). ಸವಾರನ ಪಕ್ಕದಲ್ಲಿ ತನ್ನ ಹೆಸರನ್ನೇ ಬರೆದುಕೊಂಡಿದ್ದಾನೆ.