ಅಚ್ಚಿನ ಮೊಳೆಯಿಂದ ಟೋಕನ್‌ವರೆಗೆ

1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಮೂಡಿದ್ದು ಸೀಸದ ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ. ಕನ್ನಡ ಮುದ್ರಣದ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ಸಣ್ಣ ವಿವರ ಮುಖ್ಯವೆನಿಸುತ್ತದೆ. ರೋಮನ್ ಲಿಪಿಗೆ 26 ಅಕ್ಷರಗಳ ಎರಡು ರೂಪಗಳು, ಅಂಕಿ, ಚಿಹ್ನೆಗಳಿದ್ದರೆ ಬಹುಮಟ್ಟಿಗೆ ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಮೊಳೆ ಬೇಕು. ಕಲ್ಲಚ್ಚಿನಲ್ಲಾದರೋ ಕೈಬರಹವನ್ನೇ ಕಲ್ಲಿನ ಮೇಲಿಳಿಸಿ ಪ್ರತಿ ತೆಗೆಯಬಹುದಿತ್ತು. ಬೇರೊಂದು ಲಿಪಿಯ ಅಳತೆಗೆ ಹೊಲಿದ ಯಂತ್ರ ನಮ್ಮಲ್ಲಿಗೆ ಬಂದಾಗ ಹೆಚ್ಚಿನ ಖರ್ಚು ನಮ್ಮ ತಲೆಗೇ.

ಕಂಪ್ಯೂಟರಿನಲ್ಲೂ ಇದೇ ಕಥೆ. 1992ರಲ್ಲಿ ರೂಪುಗೊಂಡ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಸಂಕೇತಕ್ಕೆ 3. ‘ಕನ್ನಡ’ ಎಂಬ ಪದದಲ್ಲಿ ವಿರಾಮ ಚಿಹ್ನೆಯೂ ಸೇರಿ 5 ಸಂಕೇತಗಳು, ಅಂದರೆ 15 ಬೈಟ್. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ 7. ಹಾರ್ಡ್‌ಡಿಸ್ಕ್ ಅಗ್ಗವಾದ್ದರಿಂದ ಇದು ಯಾರಿಗೂ ಭಾರವಾಗಲಿಲ್ಲ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಲೆಕ್ಕ ಬದಲಾಯಿತು. ಭಾಷಾ ಮಾದರಿಗಳು ಪಠ್ಯವನ್ನು ‘ಟೋಕನ್’ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ. ಪದೇ ಪದೇ ಒಟ್ಟಿಗೆ ಬರುವ ಬೈಟ್‌ಗಳು ಬೆಸೆದು ಒಂದು ಟೋಕನ್ ಆಗುತ್ತದೆ. ಮಾದರಿ ಪಠ್ಯದಲ್ಲಿ ಇಂಗ್ಲಿಷೇ ತುಂಬಿದ್ದರೆ ಇಂಗ್ಲಿಷ್ ಪದ ಇಡಿಯಾಗಿ ಉಳಿಯುತ್ತದೆ, ಕನ್ನಡ ಪದ ಚೂರುಚೂರಾಗುತ್ತದೆ. ಈ ತಂತ್ರಾಂಶಗಳನ್ನು ಬಳಸಿ ಏನನ್ನಾದರೂ ಕಟ್ಟುವವರು ತೆರುವ ದರವೂ, ಒಮ್ಮೆಗೆ ಓದಿಸಬಹುದಾದ ಪಠ್ಯದ ಮಿತಿಯೂ ಟೋಕನ್ ಲೆಕ್ಕದಲ್ಲೇ. ಅದೇ ಪ್ರಶ್ನೆಗೆ ಕನ್ನಡದವರು ಹೆಚ್ಚು ತೆರಬೇಕು.

ಇದು ಲಿಪಿಯ ದೋಷವೇ? 2024ರ ಮೇ ತಿಂಗಳಲ್ಲಿ ಓಪನ್‌ಎಐ ತನ್ನ ಹೊಸ ಮಾದರಿಯೊಂದಿಗೆ ಒಂದು ಹೋಲಿಕೆ ಪ್ರಕಟಿಸಿತು. ಒಂದೇ ಒಕ್ಕಣೆಗೆ ತೆಲುಗಿನಲ್ಲಿ ಮೊದಲು 159 ಟೋಕನ್ ಬೇಕಿದ್ದದ್ದು 45ಕ್ಕೆ ಇಳಿಯಿತು. ಇಂಗ್ಲಿಷಿನಲ್ಲಿ 27 ಇದ್ದದ್ದು 24 ಆಯಿತು. ತೆಲುಗು ನಮ್ಮ ಲಿಪಿಯ ಒಡಹುಟ್ಟು. ಅದರ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಟೋಕನ್‌ಗಳ ಪಟ್ಟಿ ಮಾಡುವವರ ನಿರ್ಧಾರ. ಆದರೂ ಅಂತರ ಪೂರ್ತಿ ಅಳಿದಿಲ್ಲ.

ಹಾಗಾಗಿ ನ್ಯಾಯವೆಂದರೆ ಎಲ್ಲರಿಗೂ ಪುಕ್ಕಟೆಯಾಗಿ ಒಂದು ಆ್ಯಪ್ ಹಂಚುವುದಷ್ಟೇ ಅಲ್ಲ. ಪಟ್ಟಿ ಸಿದ್ಧವಾಗುವ ಹಂತದಲ್ಲೇ ಕನ್ನಡಕ್ಕೆ ಪಾಲು ಸಿಗಬೇಕು. ಮದ್ರಾಸ್ ಐಐಟಿಯ ಎಐ4ಭಾರತ್ ಭಾರತೀಯ ಭಾಷೆಗಳ ದತ್ತಾಂಶವನ್ನೂ ಮಾದರಿಗಳನ್ನೂ ಮುಕ್ತವಾಗಿ ಕೊಡುತ್ತಿರುವುದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಉಳಿದದ್ದು ನಮ್ಮ ಕೆಲಸ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ ಯಂತ್ರಕ್ಕೆ ಬರೀ ಚಿತ್ರ. ಅದನ್ನು ಅಕ್ಷರಕ್ಕಿಳಿಸಿ, ತಪ್ಪು ತಿದ್ದಿ, ಮುಕ್ತವಾಗಿ ಇಡುವವರು ಬೇಕು. 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದದ್ದು ಇಂಥದೇ ದಶಕಗಳ ದುಡಿಮೆಯಿಂದ.