ಜಹಾಂಗೀರನ ಸಾರಸಗಳು

ಜಹಾಂಗೀರ್ ಎಂದೊಡನೆ ನಮಗೆ ನೆನಪಾಗುವುದು ಅನಾರ್ಕಲಿ. ಸಿನಿಮಾಗಳು ನಮ್ಮ ತಲೆಯಲ್ಲಿ ತುಂಬಿದ್ದು ಅಷ್ಟೇ. ಆತನೇ ಬರೆದ 'ತುಜುಕೆ ಜಹಾಂಗೀರಿ' ತೆರೆದರೆ ಸಿಗುವ ಮನುಷ್ಯ ಬೇರೆ.

1618ರ ಮಳೆಗಾಲ. ಬಾದಶಹನ ಬಿಡಾರ ಅಹ್ಮದಾಬಾದಿನಲ್ಲಿತ್ತು. ಲೈಲಾ, ಮಜ್ನೂ ಎಂದು ಹೆಸರಿಟ್ಟು ಸಾಕಿದ ಸಾರಸ ಜೋಡಿ ಆಗ ಮೊಟ್ಟೆಯಿಟ್ಟಿತು. ಸಾರಸಗಳು ಗೂಡು ಕಟ್ಟುವ ಕಾಲವೇ ಅದು. ರಾತ್ರಿ ಹೆಣ್ಣು ಕಾವು ಕೂತರೆ ಗಂಡು ಪಕ್ಕದಲ್ಲೇ ಕಾವಲು ನಿಲ್ಲುತ್ತಿತ್ತು. ಬೆಳಗಾದೊಡನೆ ಕೊಕ್ಕಿನಿಂದ ಹೆಣ್ಣಿನ ಬೆನ್ನು ಕೆರೆದು ಎಬ್ಬಿಸಿ ತಾನು ಕೂರುತ್ತಿತ್ತು. 34 ದಿನಕ್ಕೆ ಮರಿ ಹೊರಬಂತು. ಎಲ್ಲವನ್ನೂ ಆತ ದಿನ ಎಣಿಸಿ ಬರೆದಿದ್ದಾನೆ. ಸಾವಿರಾರು ಪ್ರಾಣಿಗಳನ್ನು ಬೇಟೆಯಾಡಿ ಅದರ ಲೆಕ್ಕ ಇಟ್ಟವನೂ ಇವನೇ ಎಂಬುದನ್ನು ನಾವು ಮರೆಯಬೇಕಿಲ್ಲ.

ಆತನ ಆಸ್ಥಾನದ ಉಸ್ತಾದ್ ಮನ್ಸೂರ್ ಸೈಬೀರಿಯಾದ ಬಿಳಿ ಕ್ರೌಂಚದ ಚಿತ್ರ ಬರೆದ. ಯುರೋಪಿನ ವಿಜ್ಞಾನ ಆ ಹಕ್ಕಿಗೆ ಹೆಸರಿಟ್ಟದ್ದು ಸುಮಾರು ಒಂದೂವರೆ ಶತಮಾನ ತಡವಾಗಿ, 1773ರಲ್ಲಿ. ಮೊಗಲರ ಈ ನಿಸರ್ಗಾಸಕ್ತಿಯ ಕುರಿತು ಪಕ್ಷಿತಜ್ಞ ಸಲೀಂ ಅಲಿ 1920ರ ದಶಕದಲ್ಲೇ ಲೇಖನಮಾಲೆ ಬರೆದರು. ನಮ್ಮ ಪಠ್ಯಪುಸ್ತಕಗಳಿಗೆ ಮಾತ್ರ ಮೊಗಲರೆಂದರೆ ಯುದ್ಧ ಮತ್ತು ತೆರಿಗೆ.

ಆ ಬಿಳಿ ಕ್ರೌಂಚಗಳು ಚಳಿಗಾಲ ಕಳೆಯಲು ರಾಜಸ್ಥಾನದ ಭರತಪುರದ ಜೌಗು ನೆಲಕ್ಕೆ ಬರುತ್ತಿದ್ದವು. 1964-65ರಲ್ಲಿ ಅಲ್ಲಿ ಎಣಿಸಿದವರಿಗೆ ಸಿಕ್ಕ ಲೆಕ್ಕ ಸುಮಾರು 200. ದಾರಿಯುದ್ದಕ್ಕೂ, ಅಫ್ಘಾನಿಸ್ತಾನ, ಪಾಕಿಸ್ತಾನಗಳಲ್ಲಿ ಬೇಟೆಗಾರರು ಕಾದಿರುತ್ತಿದ್ದರು. ವರ್ಷ ವರ್ಷವೂ ಸಂಖ್ಯೆ ಇಳಿಯಿತು. 2002ರಲ್ಲಿ ಕಂಡದ್ದು ಒಂದೇ ಜೋಡಿ. ಆಮೇಲೆ ಭರತಪುರಕ್ಕೆ ಅವು ಬಂದಿಲ್ಲ.