ಮಗ್ಗ ಬರೆದ ನಕ್ಷೆ

ವಾಸಕ್ಕೂ ಕಸಬಿಗೂ ಒಂದೇ ಸೂರು ಇರುವಲ್ಲಿ ಮನೆಯ ನಕ್ಷೆಯನ್ನು ನಿರ್ಧರಿಸುವವರು ಯಾರು? 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದ ನೇಕಾರರ ಮಟ್ಟಿಗೆ ಹೇಳುವುದಾದರೆ, ಅದನ್ನು ಮಗ್ಗವೇ ನಿರ್ಧರಿಸುತ್ತಿತ್ತು. ಭಾಗ್ಯನಗರ, ದೋಟಿಹಾಳ, ಹನುಮಸಾಗರದಂಥ ನೇಕಾರರ ಊರುಗಳಲ್ಲಿ ಮೊದಲು ಕುಣಿಮಗ್ಗದ ಜಾಗ, ಉಳಿದುದರಲ್ಲಿ ಸಂಸಾರ.

ನೇಕಾರನು ಕುಣಿಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಡುತ್ತಾನೆ. ತುಳಿಯುವ ಹಲಗೆಗಳು ಕುಣಿಯೊಳಗಿರುತ್ತವೆ. ಹಾಸಿನ ನೂಲು ನೆಲಕ್ಕೆ ಸಮೀಪವಾಗಿರುವುದರಿಂದ ಮಣ್ಣಿನ ತಂಪು ತಾಕಿ, ಈ ಬಿಸಿಲು ಸೀಮೆಯ ಒಣಹವೆಯಲ್ಲಿಯೂ ಎಳೆ ಬೇಗನೆ ಹರಿಯದು. ದಪ್ಪನೆಯ ಮಣ್ಣಿನ ಗೋಡೆ, ಮಣ್ಣು ಹಾಕಿದ ಮಾಳಿಗೆ ಇದೇ ತಂಪನ್ನು ಕಾಯುತ್ತಿದ್ದವು. ಬಣ್ಣದ ಎಳೆ ಗುರುತಿಸಲು ಮಗ್ಗದ ನೆತ್ತಿಗೆ ಬೆಳಕಿಂಡಿ. ಒಲೆಯ ಹೊಗೆ ಬಟ್ಟೆಗೆ ತಾಕಬಾರದು. ಆದರೂ ಒಲೆ ದೂರವಿರುವಂತಿಲ್ಲ. ಕಂಡಿಕೆ ಸುತ್ತುವ ಗೃಹಿಣಿ ಅನ್ನದ ಎಸರನ್ನೂ ಲಾಳಿಯ ಸದ್ದನ್ನೂ ಒಂದೇ ಕಡೆ ಕುಳಿತು ಆಲಿಸಬೇಕು. ನೇಯುವವನನ್ನು ಮಾತ್ರ ನೇಕಾರನೆಂದು ಲೆಕ್ಕ ಬರೆಯುವವರು ಈ ಮೂಲೆಯನ್ನು ನೋಡಿದವರಲ್ಲವೆಂದು ನನ್ನ ಎಣಿಕೆ. ಇನ್ನು ಹಾಸನ್ನು ಹರವಿ ಗಂಜಿ ಹಾಕಲು ಓಣಿಯೇ ಬೇಕು. ಆದುದರಿಂದ ಓಣಿಯೂ ಮನೆಯ ಒಂದು ಕೋಣೆಯೇ ಸರಿ.

ಇದು ನಮ್ಮಲ್ಲಿಯ ಮಾತಷ್ಟೇ ಅಲ್ಲ. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಕಾರ್ಡ್ ಯಂತ್ರ ಬಳಕೆಗೆ ಬಂದಿತು. ಅದು ಮಗ್ಗದ ಮೇಲೆ ಕೂರುವಂಥದು. ಅದಕ್ಕಾಗಿ ಅಲ್ಲಿಯ ಕ್ರುವಾ ರೂಸ್ ಗುಡ್ಡದ ಮೇಲೆ ಸುಮಾರು 4 ಮೀಟರ್ ಎತ್ತರದ ಕೋಣೆಗಳುಳ್ಳ ಮನೆಗಳನ್ನೇ ಕಟ್ಟಿದರು. ಮಗ್ಗಕ್ಕೆ ಆ ಎತ್ತರ. ಮನುಷ್ಯರಿಗೆ ಮಲಗಲು ಅದರೊಳಗೊಂದು ಅಟ್ಟ! ಅಲ್ಲಿ ಮಗ್ಗ ಮನೆಯನ್ನು ಮೇಲಕ್ಕೆತ್ತಿತು, ಇಲ್ಲಿ ನೆಲಕ್ಕಿಳಿಸಿತು.

ಸರಕಾರಕ್ಕೆ ಈ ಸಂಗತಿ ಹೊಳೆಯದೆ ಇರಲಿಲ್ಲ. ರಾಜ್ಯದಲ್ಲಿ 1975ರಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪಿತವಾಯಿತು. ಕೇಂದ್ರವು 1985-86ರಲ್ಲಿ ನೇಕಾರರಿಗೆಂದೇ ವಾಸದ ಮನೆಯನ್ನೂ ಮಗ್ಗದ ಮನೆಯನ್ನೂ ಕೂಡಿಸಿದ ಯೋಜನೆ ತಂದಿತು. ತತ್ತ್ವ ಸರಿಯಾದುದೇ. ಆದರೆ ಜಾಗ ಅಳೆದು ಕೊಟ್ಟ ಮಾತ್ರಕ್ಕೆ ಮಗ್ಗಕ್ಕೆ ಮನೆಯಾಗದು. ಕುಣಿಗೆ ಸಿಮೆಂಟು ಬಳಿದರೆ ಮಣ್ಣಿನ ತಂಪು ಮೇಲೇಳದು. ಕಾಂಕ್ರೀಟಿನ ಛಾವಣಿ ಹಗಲೆಲ್ಲ ಕಾದು ಇರುಳಿಗೂ ಬಿಸಿಯುಗುಳುತ್ತದೆ. ಮಗ್ಗವನ್ನು ಪ್ರತ್ಯೇಕ ಕೊಠಡಿಗೆ ಸಾಗಿಸಿದರೆ ಕಂಡಿಕೆಗೂ ಒಲೆಗೂ ನಡುವೆ ಅಂಗಳ ಬೀಳುತ್ತದೆ; ಒಂದೇ ಕಡೆ ಕುಳಿತು ಎರಡು ಕೆಲಸ ಮಾಡುತ್ತಿದ್ದವಳು ಈಗ ಎದ್ದು ಓಡಾಡಬೇಕು.

ನಕ್ಷೆ ಬರೆಯುವ ಎಂಜಿನಿಯರು ಚೈತ್ರದ ಒಂದು ಮಧ್ಯಾಹ್ನ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೋಡಲಿ ಎಂದು ನನ್ನ ಅಪೇಕ್ಷೆ. ನೇಕಾರನ ಕೂಲಿ ಸೀರೆಯ ಲೆಕ್ಕದ್ದು. ಹರಿದ ಎಳೆಯನ್ನು ಕೂಡಿಸುತ್ತ ಕಳೆದ ಹೊತ್ತು ಆ ಲೆಕ್ಕದಲ್ಲಿ ಸೇರುವುದಿಲ್ಲ.